ಎಷ್ಟು ಹೊತ್ತು ಉಳಿಯಬೇಕೋ ಅಷ್ಟೇ ಹೊತ್ತು: ಪ್ರಾಣಿಗಳ ವಾಸನೆಯ ಸಂದೇಶಗಳು ಕೆಲಸ ಮಾಡುವ ಬಗೆ

ಕೂಗಿದ ದನಿ ಬಾಯಿ ಮುಚ್ಚಿದ ಕೂಡಲೇ ಅಡಗುತ್ತದೆ. ರೆಕ್ಕೆ ಬಿಚ್ಚಿ ತೋರಿಸಿದ ಬಣ್ಣ ರೆಕ್ಕೆ ಮಡಿಸಿದರೆ ಮರೆಯಾಗುತ್ತದೆ. ವಾಸನೆಯದು ಬೇರೆ ಕತೆ: ಒಮ್ಮೆ ಮೈಯಿಂದ ಹೊರಬಿದ್ದ ಅಣುವನ್ನು ವಾಪಸು ಕರೆಸಿಕೊಳ್ಳಲು ಯಾವ ಪ್ರಾಣಿಗೂ ಸಾಧ್ಯವಿಲ್ಲ. ಹಾಗಾಗಿ ರಾಸಾಯನಿಕ ಸಂದೇಶಗಳಲ್ಲಿ ಏನು ಹೇಳಬೇಕು ಎಂಬುದರ ಜೊತೆಗೆ ಎಷ್ಟು ಹೊತ್ತು ಹೇಳುತ್ತಿರಬೇಕು ಎಂಬುದೂ ಅಣುವಿನ ರಚನೆಯಲ್ಲೇ ಬೆರೆತಿರುತ್ತದೆ. ಅಪಾಯದ ಸೂಚನೆ ಬೇಗ ಕರಗದಿದ್ದರೆ ಇಡೀ ಗೂಡು ದಿನವಿಡೀ ಗಾಬರಿಯಲ್ಲೇ ಓಡಾಡಬೇಕು. ಗಡಿಯ ಗುರುತು ಅಷ್ಟೇ ಬೇಗ ಆರಿಹೋದರೆ ಅದನ್ನು ಹಾಕಿದ್ದೇ ದಂಡ. ಫೆರೊಮೋನುಗಳ ವಿಷಯದಲ್ಲಿ ಗೋಜಲೆನಿಸುವ ಬಹಳಷ್ಟು ಸಂಗತಿಗಳು ಈ ಒಂದು ಎಳೆ ಹಿಡಿದರೆ ಬಿಡಿಸಿಕೊಳ್ಳುತ್ತವೆ.

ಒಂದು ಪ್ರಾಣಿ ಹೊರಬಿಟ್ಟು, ಅದೇ ಜಾತಿಯ ಇನ್ನೊಂದರ ನಡವಳಿಕೆಯನ್ನೋ ದೇಹಸ್ಥಿತಿಯನ್ನೋ ನಿಶ್ಚಿತ ರೀತಿಯಲ್ಲಿ ಬದಲಿಸುವ ವಸ್ತುವಿಗೆ ಫೆರೊಮೋನ್ ಎಂಬ ಹೆಸರನ್ನು 1959ರಲ್ಲಿ ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲೂಷರ್ ಸೂಚಿಸಿದರು. ಹಾರ್ಮೋನು ಮೈಯೊಳಗೇ ಓಡಾಡುತ್ತದೆ, ಫೆರೊಮೋನು ಒಂದು ಮೈಯಿಂದ ಇನ್ನೊಂದಕ್ಕೆ ಹೋಗುತ್ತದೆ. ಗಾಳಿಯಲ್ಲಿ ಹೋಗುವ ಸಂದೇಶಕ್ಕೆ ಅಣುವಿನ ತೂಕವೇ ಮುಖ್ಯ. 5ರಿಂದ 10 ಇಂಗಾಲದ ಪರಮಾಣುಗಳಿರುವ ಅಣು ಬೇಗ ಆವಿಯಾಗಿ ಬೇಗ ಚದುರುತ್ತದೆ. ಎಚ್ಚರಿಕೆಯ ಸಂಕೇತಗಳು ಸಾಮಾನ್ಯವಾಗಿ ಈ ಅಳತೆಯವು. ಸಂಗಾತಿಯನ್ನು ಕರೆಯುವ ಅಣುಗಳು ಸಾಮಾನ್ಯವಾಗಿ 10ರಿಂದ 20 ಇಂಗಾಲದವು. ಅವು ಗಾಳಿಯಲ್ಲಿ ತೇಲುವಷ್ಟು ಹಗುರ, ಜೊತೆಗೆ ಒಂದು ಜಾತಿಯದು ಇನ್ನೊಂದಕ್ಕಿಂತ ಬೇರೆ ಎನಿಸುವಷ್ಟು ವೈವಿಧ್ಯಕ್ಕೂ ಜಾಗವಿರುವಷ್ಟು ದೊಡ್ಡವು. ಕೀಟಗಳ ಮೈಮೇಲಿನ ಮೇಣದಲ್ಲಿ 20ರಿಂದ 35ರವರೆಗೆ, ಕೆಲವೊಮ್ಮೆ ಇನ್ನೂ ಹೆಚ್ಚು ಇಂಗಾಲಗಳಿರುವ ಸರಪಳಿಗಳಿರುತ್ತವೆ. ಅವು ಹಾರುವುದೇ ಇಲ್ಲವೆನ್ನಬಹುದು, ಮುಟ್ಟಿಯೇ ಓದಬೇಕು. ನೀರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಆವಿಯಾಗುವ ಗುಣಕ್ಕೆ ಬೆಲೆಯಿಲ್ಲ, ಕರಗಿದರೆ ಸಾಕು. ಹಾಗಾಗಿ ಮೀನು, ನಳ್ಳಿಗಳ ಸಂದೇಶಗಳಲ್ಲಿ ದೊಡ್ಡ ಅಣುಗಳೂ ಸಲೀಸಾಗಿ ಬರುತ್ತವೆ.

ಒಂದು ಕೂದಲಿನೊಳಗೆ ನಡೆಯುವುದು

ಮೊದಲು ಬಿಡಿಸಿದ ಫೆರೊಮೋನು ರೇಷ್ಮೆ ಪತಂಗದ್ದು. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ತಂಡ ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳನ್ನು ಕತ್ತರಿಸಿ, ಎರಡು ದಶಕ ಹೆಣಗಿ, ಕೆಲವೇ ಮಿಲಿಗ್ರಾಂ ಶುದ್ಧ ವಸ್ತು ಪಡೆಯಿತು. 1959ರಲ್ಲಿ ಅದಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟಿತು. 16 ಇಂಗಾಲದ ಉದ್ದ ಸರಪಳಿ, ಎರಡು ಜೋಡಿಬಂಧ, ತುದಿಯಲ್ಲೊಂದು ಆಲ್ಕೋಹಾಲ್ ಗುಂಪು. ಜೋಡಿಬಂಧಗಳ ಜಾಗ ಅಥವಾ ಬಾಗು ಕೊಂಚ ಬದಲಾದರೂ ಗಂಡು ಸ್ಪಂದಿಸುವುದು ಗಣನೀಯವಾಗಿ ಕುಗ್ಗುತ್ತದೆ.

ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಹೊರಕ್ಕೆ ಉಬ್ಬಿಸಬಹುದಾದ ಒಂದು ಜೋಡಿ ಪುಟ್ಟ ಚೀಲಗಳಿವೆ. ಅವನ್ನು ಹೊರಚಾಚಿ ಅದು ಸುಮ್ಮನೆ ಕೂರುತ್ತದೆ. ಹುಡುಕಾಟದ ಕೆಲಸವೆಲ್ಲ ಗಂಡಿನದು. ಗಂಡಿನ ಕುಡಿಮೀಸೆ ಬಾಚಣಿಗೆಯಂತೆ ಕವಲೊಡೆದಿದ್ದು, ಒಂದೊಂದರಲ್ಲೂ ಈ ವಾಸನೆಗೆಂದೇ ಮೀಸಲಾದ ಸುಮಾರು 17,000 ಸೂಕ್ಷ್ಮ ಕೂದಲುಗಳಿವೆ. ಕೂದಲಿನ ಗೋಡೆಯಲ್ಲಿ ಅತಿ ಚಿಕ್ಕ ರಂಧ್ರಗಳು. ಅಣು ಕೂದಲಿನ ಮೇಣದ ಮೇಲ್ಮೈಗೆ ಅಂಟಿ, ರಂಧ್ರದೊಳಗೆ ಜಾರುತ್ತದೆ. ಒಳಗಿರುವುದು ನೀರಿನಂಥ ದ್ರವ. ಎಣ್ಣೆಯ ಗುಣದ ಬಾಂಬಿಕಾಲ್ ಅದರಲ್ಲಿ ತಾನಾಗಿ ಕರಗದು. ಅದನ್ನು ಹೊತ್ತೊಯ್ಯಲು ಅಲ್ಲೊಂದು ಪ್ರೋಟೀನು ಕಾದಿರುತ್ತದೆ. ಅದು ಅಣುವನ್ನು ಒಡಲಲ್ಲಿಟ್ಟುಕೊಂಡು ನರಕೋಶದ ಪೊರೆಯವರೆಗೆ ತಲುಪಿಸುತ್ತದೆ. ಅಲ್ಲಿನ ಗ್ರಾಹಕಕ್ಕೆ ಅಣು ಕೂತೊಡನೆ ವಿದ್ಯುತ್ ಮಿಡಿತ ಹುಟ್ಟುತ್ತದೆ. ಒಂದೇ ಒಂದು ಅಣು ಒಂದು ಮಿಡಿತ ಹುಟ್ಟಿಸಬಲ್ಲದು. ಹಾಗೆಂದು ಒಂದು ಮಿಡಿತಕ್ಕೆ ಗಂಡು ಎದ್ದು ಹೊರಡುವುದಿಲ್ಲ. ನರಕೋಶಗಳು ಸುಮ್ಮಸುಮ್ಮನೆಯೂ ಆಗಾಗ ಮಿಡಿಯುತ್ತಿರುತ್ತವೆ. ಆ ಗದ್ದಲವನ್ನು ಮೀರುವಂತೆ ಒಂದು ಸೆಕೆಂಡಿನೊಳಗೆ ಕೆಲವು ನೂರು ಮಿಡಿತಗಳು ಒಟ್ಟಾಗಿ ಬಂದಾಗ ಮಾತ್ರ ಮಿದುಳು ಅದನ್ನು ಸಂದೇಶವೆಂದು ಪರಿಗಣಿಸುತ್ತದೆ.

ಗ್ರಾಹಕಕ್ಕೆ ತಾಕಿದ ಅಣು ಅಲ್ಲೇ ಉಳಿದರೆ ಮುಂದಿನದನ್ನು ಗುರುತಿಸುವುದು ಹೇಗೆ? ಕೂದಲಿನ ದ್ರವದಲ್ಲೇ ಫೆರೊಮೋನನ್ನು ಒಡೆಯುವ ಕಿಣ್ವಗಳಿವೆ. ವಾಸನೆ ಹಿಡಿಯುವ ಯಂತ್ರದ ಒಳಗೇ ವಾಸನೆ ಅಳಿಸುವ ಯಂತ್ರವೂ ಇದೆ ಎಂದಾಯಿತು. ಇದರ ಅಗತ್ಯ ಪತಂಗ ಹಾರುವುದನ್ನು ಗಮನಿಸಿದರೆ ಗೊತ್ತಾಗುತ್ತದೆ.

ಸಾಕಿದ ರೇಷ್ಮೆ ಪತಂಗ ಹಾರಲಾರದು, ರೆಕ್ಕೆ ಬಡಿಯುತ್ತ ನಡೆದುಹೋಗುತ್ತದೆ. ಕಾಡಿನ ಪತಂಗಗಳು ಕತ್ತಲಲ್ಲಿ ದೂರದಿಂದ ಹಾರಿಬರುತ್ತವೆ. ವಾಸನೆ ದಟ್ಟವಾಗುವ ಕಡೆಗೆ ಅವು ಹಾರುತ್ತವೆ ಎಂಬ ವಿವರಣೆ ಅನೇಕ ಕಡೆ ಕಾಣಿಸುತ್ತದೆ, ಅದು ಸರಿಯಲ್ಲ. ಗಾಳಿಯಲ್ಲಿ ವಾಸನೆ ಸಮನಾಗಿ ಹರಡಿಕೊಂಡಿರುವುದಿಲ್ಲ. ಎಳೆಎಳೆಯಾಗಿ ಹರಿದು, ನಡುನಡುವೆ ಶುದ್ಧ ಗಾಳಿಯ ಖಾಲಿ ಜಾಗಗಳಿರುತ್ತವೆ. ಎಳೆಯೊಂದು ಮೀಸೆಗೆ ತಾಕಿದರೆ ಪತಂಗ ಗಾಳಿಗೆದುರಾಗಿ ಮುನ್ನುಗ್ಗುತ್ತದೆ. ಎಳೆ ತಪ್ಪಿದರೆ ಮುಂದೆ ಹೋಗುವುದನ್ನು ನಿಲ್ಲಿಸಿ ಗಾಳಿಗೆ ಅಡ್ಡಲಾಗಿ ಎಡಕ್ಕೆ ಬಲಕ್ಕೆ ತೂಗಾಡುತ್ತ ಹುಡುಕುತ್ತದೆ. ಮತ್ತೆ ತಾಕಿದರೆ ಮತ್ತೆ ಮುನ್ನುಗ್ಗುವುದು. ಪ್ರಯೋಗಾಲಯದಲ್ಲಿ ಗಾಳಿ ಹಾಯಿಸುವ ಸುರಂಗವೊಂದರ ತುಂಬ ಸಮನಾಗಿ ಫೆರೊಮೋನು ತುಂಬಿಸಿ ಪತಂಗವನ್ನು ಬಿಟ್ಟರೆ ಅದರ ಮುನ್ನುಗ್ಗಾಟ ನಿಂತೇಹೋಗುತ್ತದೆ. ಅದಕ್ಕೆ ಬೇಕಿರುವುದು ವಾಸನೆಯ ಮಿಡಿತ, ಎಂದರೆ ಇದೆ, ಇಲ್ಲ, ಇದೆ, ಇಲ್ಲ ಎಂಬ ಏರಿಳಿತ.

ಇನ್ನೊಂದು ಅಂಶ ಅನುಪಾತ. ಹೆಚ್ಚಿನ ಪತಂಗಗಳ ಫೆರೊಮೋನು ಒಂದೇ ಅಣುವಲ್ಲ, ಎರಡು ಮೂರರ ಮಿಶ್ರಣ. ಯುರೋಪಿನ ಜೋಳದ ಕಾಂಡಕೊರಕದಲ್ಲಿ ಎರಡು ಬಣಗಳಿವೆ. ಎರಡೂ ಬಳಸುವುದು ಅದೇ ಎರಡು ಅಣುಗಳನ್ನು. ಒಂದರ ಮಿಶ್ರಣ 97ಕ್ಕೆ 3, ಇನ್ನೊಂದರದು ತಿರುಗುಮುರುಗಾಗಿ ಸುಮಾರು 1ಕ್ಕೆ 99. ಕಣ್ಣಿಗೆ ಎರಡೂ ಒಂದೇ ಪತಂಗ, ಆದರೂ ಒಂದರ ಗಂಡು ಇನ್ನೊಂದರ ಹೆಣ್ಣಿನ ಕರೆಗೆ ಸಾಮಾನ್ಯವಾಗಿ ಓಗೊಡುವುದಿಲ್ಲ.

ಬಲೆ ಎಲ್ಲಿ ಸೋಲುತ್ತದೆ

ಬೆಳೆಗಾರರು ಬಳಸುವ ಮೋಹಕ ಬಲೆ ನಿಂತಿರುವುದು ಈ ವಿವರಗಳ ಮೇಲೆಯೇ, ಕೆಡುವುದೂ ಇಲ್ಲೇ. ಕಾಯಿಕೊರಕದ (ಹೆಲಿಕೋವರ್ಪಾ ಆರ್ಮಿಜೆರಾ) ಲೂರ್‌ನಲ್ಲಿ, ಎಂದರೆ ಬಲೆಯೊಳಗಿಡುವ ಫೆರೊಮೋನಿನ ತುಂಡಿನಲ್ಲಿ, ಎರಡು ಆಲ್ಡಿಹೈಡುಗಳು 97ಕ್ಕೆ 3ರ ಆಸುಪಾಸಿನಲ್ಲಿರುತ್ತವೆ. ಒಂದು ರಬ್ಬರ್ ತುಂಡಿಗೆ ಒಂದೆರಡು ಮಿಲಿಗ್ರಾಂ ಸವರಿದ್ದು ಕೆಲವು ವಾರ ನಿಧಾನವಾಗಿ ಆವಿಯಾಗುತ್ತಿರುತ್ತದೆ. ಆಲ್ಡಿಹೈಡು ಗಾಳಿಯ ಆಮ್ಲಜನಕಕ್ಕೆ ಬೇಗ ಬಲಿಯಾಗುತ್ತದೆ. ಬಿಸಿಲಿಗೆ ಜೋಡಿಬಂಧಗಳ ಬಾಗು ಬದಲಾಗಬಹುದು. ಆಗ ರಬ್ಬರಿನಲ್ಲಿ ವಸ್ತು ಉಳಿದಿದ್ದರೂ ಸಂದೇಶ ಅಳಿದಿರುತ್ತದೆ. ಆದ್ದರಿಂದ ಲೂರ್‌ಗಳನ್ನು ಮುಚ್ಚಿದ ಪೊಟ್ಟಣದಲ್ಲೇ ಫ್ರೀಜರಿನಲ್ಲಿಡಬೇಕು, ಹಾಕುವ ದಿನವೇ ಒಡೆಯಬೇಕು, 3–4 ವಾರಕ್ಕೊಮ್ಮೆ ಅಥವಾ ತಯಾರಕರು ಹೇಳಿದ ಅವಧಿಗೆ ಬದಲಿಸಬೇಕು. ಒಂದು ಕೀಟದ ಲೂರ್ ಮುಟ್ಟಿದ ಕೈಯಲ್ಲೇ ಇನ್ನೊಂದನ್ನು ಮುಟ್ಟಿದರೆ ಬಲೆಯೇ ವಿಕರ್ಷಕವಾಗಬಹುದು. ಒಂದು ಜಾತಿಯ ಕರೆಯಲ್ಲಿನ ಅಣು ಇನ್ನೊಂದಕ್ಕೆ 'ಇದು ನಮ್ಮವಳಲ್ಲ' ಎಂಬ ಸೂಚನೆಯಾಗಿರುವುದುಂಟು. ಕೈಗವಸು ಬದಲಿಸುವುದು ಅತಿ ಎನಿಸಿದರೂ ಬದಲಿಸಬೇಕು. ಹಳೆಯ ಲೂರನ್ನು ಬಲೆಯ ಬುಡದಲ್ಲೇ ಎಸೆದರೆ ಅದೂ ಕರೆಯುತ್ತಲೇ ಇರುತ್ತದೆ. ಬಲೆಯ ಎತ್ತರ ಬೆಳೆಯ ನೆತ್ತಿಗಿಂತ ಸುಮಾರು ಒಂದಡಿ ಮೇಲಿರಬೇಕು, ಬೆಳೆ ಬೆಳೆದಂತೆ ಬಲೆಯನ್ನೂ ಏರಿಸುತ್ತ ಹೋಗಬೇಕು. ಎಲೆಗಳ ನಡುವೆ ಹುದುಗಿದ ಬಲೆಯಿಂದ ವಾಸನೆಯ ಎಳೆ ದೂರ ಸಾಗುವುದಿಲ್ಲ.

ಬಲೆ ತುಂಬಿತೆಂದರೆ ಕೀಟ ತಗ್ಗಿತು ಎಂಬುದು ದೊಡ್ಡ ತಪ್ಪು ಲೆಕ್ಕ. ಬೀಳುವುದು ಗಂಡುಗಳು ಮಾತ್ರ. ಉಳಿದ ಗಂಡೊಂದು ಹಲವು ಹೆಣ್ಣುಗಳನ್ನು ಕೂಡಬಲ್ಲದು, ಹಾಗಾಗಿ ಅರ್ಧದಷ್ಟು ಗಂಡುಗಳು ಸಿಕ್ಕಿಬಿದ್ದರೂ ಮೊಟ್ಟೆಗಳ ಸಂಖ್ಯೆ ಅರ್ಧಕ್ಕಿಳಿಯುವುದಿಲ್ಲ. ಇಂಥ ಬಲೆಯ ನಿಜವಾದ ಉಪಯೋಗ ಕೀಟ ಯಾವಾಗ ಬಂತು, ಏರುತ್ತಿದೆಯೇ ಎಂದು ತಿಳಿಯಲು. ತಾಳೆ ಜಾತಿಯ ಮರಗಳನ್ನು ಕಾಡುವ ಕೆಂಪುಮೂತಿ ಹುಳುವಿನ ವಿಷಯ ಬೇರೆ. ಅದರ ಗಂಡು ಬಿಡುವುದು ಎರಡೂ ಲಿಂಗಗಳನ್ನು ಕರೆಯುವ ಗುಂಪುಗೂಡಿಸುವ ಫೆರೊಮೋನು. ಮೊಟ್ಟೆಯಿಡುವ ಹೆಣ್ಣುಗಳೂ ಬೀಳುವುದರಿಂದ ಹಿಡಿದು ಮುಗಿಸುವುದಕ್ಕೆ ಅರ್ಥವಿದೆ. ಆದರೆ ಬಕೆಟಿನಲ್ಲಿ ಹುದುಗುವ ಆಹಾರವೂ ಇರಬೇಕು. ಬರಿಯ ಲೂರ್‌ಗೆ ಬೀಳುವ ಹುಳುಗಳು ತೀರ ಕಡಿಮೆ. ಆ ಆಹಾರ ಒಣಗಿದರೆ ಬಲೆ ಅರೆಜೀವವಾಗುತ್ತದೆ.

ಹಿಡಿಯದೆಯೇ ತಡೆಯುವ ದಾರಿಯೂ ಇದೆ: ಹೊಲದ ತುಂಬ ನೂರಾರು ಕಡೆ ಫೆರೊಮೋನು ಬಿಟ್ಟು ಗಂಡುಗಳಿಗೆ ದಿಕ್ಕೇ ತಿಳಿಯದಂತೆ ಮಾಡುವುದು. ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಈ ವಿಧಾನ ಅಮೆರಿಕದಲ್ಲಿ 1978ರಲ್ಲಿ ನೋಂದಣಿಯಾಯಿತು. ಮುಂದೆ ಬಿಟಿ ಹತ್ತಿ, ಬಂಜೆ ಪತಂಗಗಳ ಬಿಡುಗಡೆ ಮುಂತಾದವುಗಳ ಜೊತೆ ಸೇರಿ, 2018ರಲ್ಲಿ ಅಲ್ಲಿನ ವಾಣಿಜ್ಯ ಹತ್ತಿ ಪ್ರದೇಶದಿಂದ ಕೀಟ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಚಿಕ್ಕ ಹೊಲದಲ್ಲಿ ಮಾತ್ರ ಇದು ಕೈಕೊಡುತ್ತದೆ. ಪಕ್ಕದ ಹೊಲದಲ್ಲಿ ಆಗಲೇ ಕೂಡಿದ ಹೆಣ್ಣು ಹಾರಿಬಂದು ಮೊಟ್ಟೆಯಿಟ್ಟರೆ ಯಾವ ಫೆರೊಮೋನೂ ತಡೆಯದು.

ಆರುವ ಜಾಡು, ಆರದ ಜಾಡು

ಸಮಯದ ಲೆಕ್ಕ ಅತಿ ಚೊಕ್ಕವಾಗಿ ಕಾಣುವುದು ಇರುವೆಗಳಲ್ಲಿ. ಕೊಯ್ಲು ಇರುವೆಯ ದವಡೆಯ ಗ್ರಂಥಿಯಲ್ಲಿರುವ ಎಚ್ಚರಿಕೆಯ ವಸ್ತು ನಿಶ್ಚಲ ಗಾಳಿಯಲ್ಲಿ ಸುಮಾರು 13 ಸೆಕೆಂಡಿನಲ್ಲಿ ಸುತ್ತಲೂ 6 ಸೆಂಟಿಮೀಟರ್ ದೂರದವರೆಗೆ ಹರಡುತ್ತದೆ, ಸುಮಾರು 35 ಸೆಕೆಂಡಿಗೆ ಮುಗಿಯುತ್ತದೆ ಎಂದು ಎಡ್ವರ್ಡ್ ವಿಲ್ಸನ್ ಅಳೆದರು. ಸಣ್ಣ ತಂಟೆಯಾದರೆ ಅಲ್ಲಿಗೇ ಸರಿ. ದೊಡ್ಡ ಅಪಾಯವಾದರೆ ಓಡಿಬಂದ ಇರುವೆಗಳೂ ತಮ್ಮ ಪಾಲು ಬಿಡುತ್ತವೆ, ವಲಯ ಹಿಗ್ಗುತ್ತ ಹೋಗುತ್ತದೆ. ಯಾರೂ ಅಪ್ಪಣೆ ಕೊಡದೆಯೇ ಪ್ರತಿಕ್ರಿಯೆ ಅಪಾಯದ ಗಾತ್ರಕ್ಕೆ ಹೊಂದಿಕೊಳ್ಳುತ್ತದೆ.

ಆಹಾರ ಕಂಡ ಬೆಂಕಿ ಇರುವೆ ಗೂಡಿಗೆ ಮರಳುವಾಗ ಕೊಂಡಿಯನ್ನು ಚಾಚಿ ನೆಲಕ್ಕೆ ಆಗಾಗ ಮುಟ್ಟಿಸುತ್ತದೆ, ಪೆನ್ನಿನಿಂದ ತುಂಡುತುಂಡಾಗಿ ಗೆರೆ ಎಳೆದಂತೆ. ಆ ಜಾಡು ಒಂದೆರಡು ನಿಮಿಷದಲ್ಲಿ ಆರುತ್ತದೆ. ಆಹಾರ ಇದ್ದಷ್ಟು ಕಾಲ ಬರುವವರೆಲ್ಲ ಗೆರೆ ತಿದ್ದುತ್ತಾರೆ, ಮುಗಿದ ಮೇಲೆ ಬರಿಗೈಲಿ ಮರಳುವವರು ತಿದ್ದುವುದಿಲ್ಲ. ಜಾಡು ತಾನಾಗಿ ಅಳಿಯುತ್ತದೆ. ಎಲೆ ಕತ್ತರಿಸುವ ಇರುವೆಗಳು ಅದೇ ಮರಗಳಿಗೆ ಎಷ್ಟೋ ದಿನ ಹೋಗಿಬರುವುದರಿಂದ ಅವಕ್ಕೆ ಬಾಳಿಕೆಯ ಜಾಡು ಬೇಕು. ಅಟ್ಟಾ ಟೆಕ್ಸಾನಾ ಎಂಬ ಜಾತಿಯ ಜಾಡಿನ ವಸ್ತು 1971ರಲ್ಲಿ ಗೊತ್ತಾಯಿತು. ಅದರ 0.33 ಮಿಲಿಗ್ರಾಂ ಇದ್ದರೆ ಭೂಮಿಗೆ ಒಂದು ಸುತ್ತು ಜಾಡು ಹಾಕಬಹುದೆಂಬುದು ಲೆಕ್ಕ. ಫೇರೋ ಇರುವೆಗಳಲ್ಲಂತೂ ಬೇಗ ಆರುವ ಜಾಡು, ಬಹುಕಾಲ ಉಳಿಯುವ ಜಾಡು ಎರಡೂ ಇವೆ. ಜೊತೆಗೆ, ಲಾಭವಿಲ್ಲದ ಕವಲಿಗೆ ಹೋಗಬೇಡಿ ಎನ್ನುವ ವಿಕರ್ಷಕ ಗುರುತೂ ಇದೆ.

ಈ ಏರ್ಪಾಡು ದಾರಿ ತಪ್ಪುವುದೂ ಉಂಟು. ಗೂಡು ಮತ್ತು ಆಹಾರದ ನಡುವೆ ಒಂದು ಗಿಡ್ಡ, ಒಂದು ಉದ್ದ ಸೇತುವೆ ಒಟ್ಟಿಗೇ ಇಟ್ಟರೆ ಅರ್ಜೆಂಟೀನಾ ಇರುವೆಗಳು ಗಿಡ್ಡದ್ದನ್ನೇ ಆರಿಸಿಕೊಳ್ಳುತ್ತವೆ. ಕಾರಣ ಬುದ್ಧಿವಂತಿಕೆಯಲ್ಲ, ಗಿಡ್ಡ ದಾರಿಯಲ್ಲಿ ಹೋದವರು ಬೇಗ ಮರಳುವುದರಿಂದ ಅಲ್ಲಿ ಜಾಡು ಮೊದಲು ದಪ್ಪವಾಗುತ್ತದೆ. ಮೊದಲು ಉದ್ದದ್ದನ್ನು ಇಟ್ಟು, ಅದು ರೂಢಿಯಾದ ಮೇಲೆ ಗಿಡ್ಡದ್ದನ್ನು ಸೇರಿಸಿದರೆ ಅವು ಸಾಮಾನ್ಯವಾಗಿ ಉದ್ದದಲ್ಲೇ ಸಿಕ್ಕಿಕೊಳ್ಳುತ್ತವೆ. ದಂಡು ಇರುವೆಗಳಿಗೆ ಇನ್ನೂ ಕೆಟ್ಟ ಗತಿ ಬರಬಹುದು. ಮುಖ್ಯ ದಂಡಿನಿಂದ ಬೇರ್ಪಟ್ಟ ಗುಂಪು ತನ್ನದೇ ಜಾಡನ್ನು ಹಿಂಬಾಲಿಸತೊಡಗಿದರೆ ವೃತ್ತ ಮುಚ್ಚಿಕೊಳ್ಳುತ್ತದೆ. ಒಂದೊಂದು ಸುತ್ತೂ ಜಾಡನ್ನು ಇನ್ನಷ್ಟು ಬಲಪಡಿಸುತ್ತ, ಹೆಚ್ಚಿನವು ಸಾಯುವ ತನಕ ಸುತ್ತುತ್ತಲೇ ಇರಬಹುದು.

ಗೂಡಿನವರು ಯಾರು, ಹೊರಗಿನವರು ಯಾರು ಎಂಬುದನ್ನು ಇರುವೆಗಳು ಮೈಮೇಣವನ್ನು ಮೀಸೆಯಿಂದ ಸವರಿ ತಿಳಿಯುತ್ತವೆ. ಸಾವೂ ಅವಕ್ಕೆ ಗೊತ್ತಾಗುವುದು ಹೀಗೆಯೇ. ಸತ್ತ ಇರುವೆಯ ಮೈಯಲ್ಲಿ ಒಂದೆರಡು ದಿನದಲ್ಲಿ ಓಲಿಯಿಕ್ ಆಮ್ಲ ಶೇಖರವಾದ ಮೇಲೆ ಕೆಲಸಗಾರರು ಹೆಣವನ್ನು ಕಸದ ರಾಶಿಗೆ ಒಯ್ಯುತ್ತಾರೆ. ವಿಲ್ಸನ್ ಮತ್ತು ಸಂಗಡಿಗರು 1958ರಲ್ಲಿ ಜೀವಂತ ಇರುವೆಗೇ ಆ ಆಮ್ಲ ಹಚ್ಚಿ ನೋಡಿದರು. ಕಾಲು ಝಾಡಿಸುತ್ತಿದ್ದರೂ ಬಿಡದೆ ಗೂಡಿನ ಕೆಲಸಗಾರರು ಅದನ್ನು ಕಸಕ್ಕೆ ಹಾಕಿಬಂದರು. ಮೈ ತಿಕ್ಕಿ ಶುದ್ಧವಾಗುವ ತನಕ ಗೂಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಜೇನಿನ ಎಚ್ಚರಿಕೆ ಮನುಷ್ಯರ ಮೂಗಿಗೂ ನಿಲುಕುತ್ತದೆ. ಕೊಂಡಿಯ ಬುಡದಿಂದ ಹೊಮ್ಮುವ ಐಸೋಪೆಂಟೈಲ್ ಅಸಿಟೇಟ್‌ಗೆ ಮಾಗಿದ ಬಾಳೆಹಣ್ಣಿನ ವಾಸನೆ. ಕಚ್ಚಿದ ನೊಣ ಹೋದರೂ ಚರ್ಮದಲ್ಲಿ ಉಳಿದ ಕೊಂಡಿ ಅದನ್ನು ಹೊರಸೂಸುತ್ತಲೇ ಇರುತ್ತದೆ, ಮುಂದಿನ ನೊಣ ಅದರ ಪಕ್ಕದಲ್ಲೇ ಚುಚ್ಚುತ್ತದೆ. ಉಗುರಿನಿಂದ ಕೊಂಡಿಯನ್ನು ಕೆರೆದು ತೆಗೆದು ಅಲ್ಲಿಂದ ದೂರ ಹೋಗಬೇಕೆನ್ನುವುದು ಇದಕ್ಕೇ. ಜೇನು ಸಾಕುವವರು ಹೊಗೆ ಹಾಕಿದಾಗ ನೊಣಗಳ ಮೀಸೆ ಈ ವಾಸನೆಗೆ ಸ್ವಲ್ಪ ಹೊತ್ತು ಮಂಕಾಗುತ್ತದೆ.

ರಾಣಿಯ ಸಂದೇಶದ ಗತಿ ಇದಕ್ಕೆ ತದ್ವಿರುದ್ಧ. ರಾಣಿಯ ದವಡೆಯ ಗ್ರಂಥಿಯ ಮಿಶ್ರಣ ಅಷ್ಟಾಗಿ ಹಾರುವಂಥದ್ದಲ್ಲ. ಸುತ್ತ ನಿಂತು ಉಪಚರಿಸುವ ಕೆಲಸಗಾರ್ತಿಯರು ಅದನ್ನು ನೆಕ್ಕಿ, ಮೀಸೆಗೆ ಬಳಿದುಕೊಂಡು, ಎದುರಾದವರಿಗೆಲ್ಲ ದಾಟಿಸುತ್ತಾರೆ. ಅದು ಸಿಗುತ್ತಿರುವ ತನಕ ಅವರ ಅಂಡಾಶಯ ಬೆಳೆಯದೆ ಉಳಿಯುತ್ತದೆ, ಹೊಸ ರಾಣಿಕೋಶ ಕಟ್ಟುವ ಯೋಚನೆ ಬರುವುದಿಲ್ಲ. ರಾಣಿಯನ್ನು ತೆಗೆದರೆ ಕೆಲವೇ ಗಂಟೆಗಳಲ್ಲಿ ಕುಟುಂಬ ಕಸಿವಿಸಿಗೊಳ್ಳುತ್ತದೆ, ಸುಮಾರು ಒಂದು ದಿನದೊಳಗೆ ತುರ್ತು ರಾಣಿಕೋಶಗಳು ಏಳುತ್ತವೆ. ಇಲ್ಲಿ ಸಂದೇಶ ಇರುವುದು ವಾಸನೆ ನಿಂತುಹೋಗುವುದರಲ್ಲಿ.

ದೊಡ್ಡ ಪ್ರಾಣಿಗಳ ಉಪಾಯ

ಸಸ್ತನಿಗಳಲ್ಲಿ ಬಹಳಷ್ಟು ಸಂದೇಶ ಮೂತ್ರದಲ್ಲಿರುತ್ತದೆ. ಹಗುರ ಅಣು ಬೇಗ ಹಾರಿಹೋಗುತ್ತದೆ, ಗಡಿಯ ಗುರುತು ಮಾತ್ರ ನಿಲ್ಲಬೇಕು. ಇಲಿ ಇದಕ್ಕೆ ಕಂಡುಕೊಂಡ ದಾರಿ ಸೊಗಸಾಗಿದೆ: ಮೂತ್ರದ ಜೊತೆ ಬರುವ ಪ್ರೋಟೀನುಗಳು ಹಗುರ ಅಣುಗಳನ್ನು ತಮ್ಮ ಪೊಟರೆಯಲ್ಲಿ ಹಿಡಿದಿಟ್ಟು ಕೊಂಚಕೊಂಚವಾಗಿ ಬಿಡುತ್ತವೆ. ಅಂಥದ್ದೊಂದು ಪ್ರೋಟೀನು, ಡಾರ್ಸಿನ್, ತಾನೇ ಹೆಣ್ಣಿಲಿಯನ್ನು ಸೆಳೆಯುತ್ತದೆ ಎಂದು 2010ರಲ್ಲಿ ತಿಳಿದುಬಂತು. ಪ್ರೋಟೀನು ಗಾಳಿಯಲ್ಲಿ ಬಾರದು. ಮೂಗು ತಾಕಿಸಿಯೇ ತಿಳಿಯಬೇಕು.

ಮುಟ್ಟಿ ತಿಳಿಯಲು ಮೂಗಿನ ತಳದಲ್ಲಿ ಬೇರೆಯೇ ಒಂದು ಅಂಗವಿದೆ. 1813ರಲ್ಲಿ ವರ್ಣಿಸಿದ ಲುಡ್ವಿಗ್ ಜೇಕಬ್ಸನ್ ಹೆಸರಿನಲ್ಲಿ ಅದು ಜೇಕಬ್ಸನ್ ಅಂಗ. ಅದರ ಪಕ್ಕದ ರಕ್ತನಾಳ ಉಬ್ಬಿ ಕುಗ್ಗುವಾಗ ದ್ರವ ಒಳಕ್ಕೆ ಸೆಳೆದುಕೊಳ್ಳುತ್ತದೆ. ಹೋರಿಯೋ ಗಂಡುಬೆಕ್ಕೋ ಮೂತ್ರ ಮೂಸಿ, ಮೇಲ್ದುಟಿ ಎತ್ತಿ, ತುಸು ಹೊತ್ತು ಮರವಟ್ಟಂತೆ ನಿಲ್ಲುವುದು ಈ ಅಂಗಕ್ಕೆ ಮಾದರಿ ತಲುಪಿಸಲಿಕ್ಕೆ. ಹಾವಿನ ಕವಲು ನಾಲಿಗೆಯೂ ಅಲ್ಲಿಗೇ ಅಣು ಹೊತ್ತೊಯ್ಯುತ್ತದೆ.

ಆದರೆ ಫೆರೊಮೋನೆಂದರೆ ಈ ಅಂಗವೇ ಎಂದುಕೊಳ್ಳುವಂತಿಲ್ಲ. ಗಂಡುಹಂದಿಯ ಜೊಲ್ಲಿನ ನೊರೆಯಲ್ಲಿರುವ ಆಂಡ್ರೋಸ್ಟಿನೋನ್ ಕೆಲಸ ಮಾಡುವುದು ಸಾಮಾನ್ಯ ಮೂಗಿನ ಮೂಲಕವೇ. ಅದರ ವಾಸನೆ ಹಿಡಿದ ಬೆದೆಯ ಹೆಣ್ಣುಹಂದಿ ಬೆನ್ನಿನ ಮೇಲೆ ಒತ್ತಿದರೆ ಅಲ್ಲಾಡದೆ ನಿಲ್ಲುತ್ತದೆ. ಕೃತಕ ಗರ್ಭಧಾರಣೆಗೆ ಸಮಯ ಗುರುತಿಸಲು ಇದರ ಸ್ಪ್ರೇ ಮಾರಾಟದಲ್ಲಿದೆ. ಬೆದೆಯಲ್ಲಿಲ್ಲದ ಹಂದಿಗೆ ಎಷ್ಟು ಸಿಂಪಡಿಸಿದರೂ ಅದು ನಿಲ್ಲುವುದಿಲ್ಲ, ಅಂಥದ್ದಕ್ಕೆ ಸ್ಪ್ರೇ ಕೆಟ್ಟಿದೆಯೆಂದು ದೂರುವುದು ವ್ಯರ್ಥ.

ಆನೆಗಳದು ಇನ್ನೂ ನಾಜೂಕು. ಏಷ್ಯಾದ ಹೆಣ್ಣಾನೆ ಗರ್ಭಕ್ಕೆ ಸಿದ್ಧವಾಗುವ ಮುನ್ನ ಮೂತ್ರದಲ್ಲಿ ಬಿಡುವ ಅಸಿಟೇಟ್ ಅನೇಕ ಪತಂಗಗಳ ಫೆರೊಮೋನಿನಲ್ಲೂ ಇದೆ ಎಂದು 1996ರಲ್ಲಿ ಗೊತ್ತಾಯಿತು. ಸಲಗಕ್ಕೂ ಪತಂಗಕ್ಕೂ ಗೊಂದಲವಾಗದು: ಪತಂಗ ಬಿಡುವ ನ್ಯಾನೋಗ್ರಾಂ ಆನೆಗೆ ತಿಳಿಯುವುದಿಲ್ಲ, ಪತಂಗಕ್ಕೆ ಬೇಕಾದ ಮಿಶ್ರಣದ ಉಳಿದ ಅಣುಗಳು ಆನೆಯಲ್ಲಿಲ್ಲ. ಮದವೇರಿದ ಸಲಗದ ಕೆನ್ನೆಯಿಂದ ಸೋರುವ ದ್ರವದಲ್ಲಿ ಫ್ರಂಟಾಲಿನ್ ಇದೆ, ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾದ ಎರಡು ರೂಪಗಳಲ್ಲಿ. ಎಳೆಯ ಸಲಗದಲ್ಲಿ ಒಂದು ರೂಪವೇ ಹೆಚ್ಚು, ವಯಸ್ಸಾದಂತೆ ಎರಡೂ ಸರಿಸಮಕ್ಕೆ ಬರುತ್ತವೆ. ಉಳಿದ ಆನೆಗಳು ಈ ಅನುಪಾತಕ್ಕೆ ತಕ್ಕಂತೆ ನಡೆದುಕೊಳ್ಳುತ್ತವೆ.

ಕದ್ದು ಕೇಳುವವರು

ತೆರೆದ ಗಾಳಿಗೆ ಬಿಟ್ಟ ಸಂದೇಶವನ್ನು ಬೇರೆಯವರೂ ಓದಬಹುದು. ಗಿಡಹೇನು ಶತ್ರುವಿನ ಕೈಗೆ ಸಿಕ್ಕಾಗ ಬಿಡುವ ಎಚ್ಚರಿಕೆಗೆ ನೆರೆಯ ಹೇನುಗಳು ಎಲೆ ಬಿಟ್ಟು ಉದುರುತ್ತವೆ, ಅದೇ ವಾಸನೆ ಹಿಡಿದು ಗುಲಗಂಜಿ ಹುಳುಗಳು ಬರುತ್ತವೆ. ಬೋಲಾಸ್ ಜೇಡ ಹೆಣ್ಣು ಪತಂಗದ ಫೆರೊಮೋನನ್ನೇ ತಯಾರಿಸಿ, ಒಂದೇ ಎಳೆಯ ತುದಿಯಲ್ಲಿ ಅಂಟಿನ ಹನಿ ತೂಗಿಸುತ್ತ ಗಂಡುಗಳಿಗೆ ಕಾಯುತ್ತದೆ. ಗುಲಾಮರನ್ನು ಹಿಡಿಯುವ ಕೆಲವು ಇರುವೆಗಳು ದಾಳಿಯ ಹೊತ್ತಿಗೆ ಎಚ್ಚರಿಕೆಯಂಥ ಅಸಿಟೇಟುಗಳನ್ನು ಭಾರೀ ಪ್ರಮಾಣದಲ್ಲಿ ಚೆಲ್ಲುತ್ತವೆ. ಎದುರು ಗೂಡಿನವು ಕಂಗೆಟ್ಟು ಚದುರುತ್ತವೆ.

ಮನುಷ್ಯರಲ್ಲಿ?

ಒಂದು ವಸ್ತು ಫೆರೊಮೋನೆಂದು ಸಾಬೀತಾಗಬೇಕಾದರೆ ದಾಟಬೇಕಾದ ಮೆಟ್ಟಿಲುಗಳಿವೆ. ಮೊದಲು, ಮತ್ತೆ ಮತ್ತೆ ಕಾಣುವ ಸ್ಪಷ್ಟ ನಡವಳಿಕೆ ಬೇಕು. ಆಮೇಲೆ ಪ್ರಾಣಿಯಿಂದ ತೆಗೆದ ಸಾರಕ್ಕೆ ಅದೇ ನಡವಳಿಕೆ ಬರಬೇಕು. ಸಾರವನ್ನು ಗ್ಯಾಸ್ ಕ್ರೊಮಾಟೋಗ್ರಾಫಿನಲ್ಲಿ ಬಿಡಿಸಿ, ಯಾವ ಅಂಶಕ್ಕೆ ಪ್ರತಿಕ್ರಿಯೆ ಎಂದು ಹುಡುಕಬೇಕು. ಕೀಟವಾದರೆ ಅದರ ಕುಡಿಮೀಸೆಯನ್ನೇ ತಂತಿಗೆ ಜೋಡಿಸಿ, ಪ್ರತಿ ಅಂಶ ಹೊರಬಂದಾಗ ವಿದ್ಯುತ್ ಏರಿತೇ ಎಂದು ನೋಡುತ್ತಾರೆ. ಕೊನೆಗೆ ಆ ಅಣುವನ್ನು ಪ್ರಯೋಗಾಲಯದಲ್ಲಿ ತಯಾರಿಸಿ, ಪ್ರಾಣಿ ನಿಜಕ್ಕೂ ಬಿಡುವಷ್ಟೇ ಪ್ರಮಾಣದಲ್ಲಿ ಕೊಟ್ಟಾಗ ನಡವಳಿಕೆ ಮರುಕಳಿಸಬೇಕು. ಕೊನೆಯ ಷರತ್ತಿನಲ್ಲೇ ಹಲವು ಹಕ್ಕೊತ್ತಾಯಗಳು ಬಿದ್ದುಹೋಗುತ್ತವೆ, ಸಾವಿರ ಪಟ್ಟು ಹೆಚ್ಚು ಕೊಟ್ಟರೆ ಯಾವ ಪ್ರಾಣಿಯಾದರೂ ಏನಾದರೊಂದು ಮಾಡಿಯೇ ಮಾಡುತ್ತದೆ. ಮೊಲದ ಹಾಲಿನಲ್ಲಿರುವ 2-ಮೀಥೈಲ್‌ಬ್ಯೂಟ್-2-ಈನಾಲ್ ಈ ಎಲ್ಲ ಮೆಟ್ಟಿಲು ಹತ್ತಿ 2003ರಲ್ಲಿ ಮಾನ್ಯತೆ ಪಡೆಯಿತು. ತಾಯಿಮೊಲ ಹಾಲೂಡುವುದು ದಿನಕ್ಕೊಮ್ಮೆ, ಅದೂ ಕೆಲವೇ ನಿಮಿಷ. ಕಣ್ಣು ಬಿಡದ ಮರಿಗಳು ಅಷ್ಟರಲ್ಲಿ ಮೊಲೆತೊಟ್ಟು ಹುಡುಕಲು ಈ ವಾಸನೆಯೇ ದಾರಿ.

ಮನುಷ್ಯರಲ್ಲಿ ಈ ಮೆಟ್ಟಿಲುಗಳನ್ನೆಲ್ಲ ದಾಟಿದ ಒಂದು ಅಣುವೂ ಇಲ್ಲ. ವಯಸ್ಕರ ಜೇಕಬ್ಸನ್ ಅಂಗಕ್ಕೆ ಮಿದುಳಿನೊಡನೆ ನರದ ಸಂಪರ್ಕ ಕಾಣದು, ಅದು ಕೆಲಸ ಮಾಡಲು ಬೇಕಾದ ಒಂದು ಮುಖ್ಯ ಜೀನ್ ನಮ್ಮಲ್ಲಿ ಕೆಟ್ಟುಹೋಗಿದೆ. ಒಟ್ಟಿಗೆ ವಾಸಿಸುವ ಹೆಂಗಸರ ಮುಟ್ಟು ಒಂದೇ ಹೊತ್ತಿಗೆ ಬರುತ್ತದೆ ಎಂಬ 1971ರ ವರದಿ ಮುಂದಿನ ಪರೀಕ್ಷೆಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. 'ಫೆರೊಮೋನ್ ಇದೆ' ಎಂದು ಮಾರುವ ಅತ್ತರುಗಳಲ್ಲಿ ಎಷ್ಟೋ ಸಲ ಇರುವುದು ಹಂದಿಯ ಆಂಡ್ರೋಸ್ಟಿನೋನ್ ಅಥವಾ ಅದರ ನಂಟಿನ ಅಣು. ಬೆದೆಯ ಹಂದಿಯನ್ನು ನಿಂತಲ್ಲೇ ನಿಲ್ಲಿಸುವ ಆ ಅಣು ಮನುಷ್ಯರಲ್ಲಿ ಕೆಲವರಿಗೆ ಮೂತ್ರದಂತೆ ನಾರುತ್ತದೆ, ಕೆಲವರಿಗೆ ಸಿಹಿಯಾಗಿ ವೆನಿಲ್ಲಾದಂತೆ ತೋರುತ್ತದೆ, ಇನ್ನು ಕೆಲವರಿಗೆ ವಾಸನೆಯೇ ಇಲ್ಲ. ಯಾರಿಗೆ ಯಾವುದು ಎಂಬುದನ್ನು ಒಂದಷ್ಟರ ಮಟ್ಟಿಗೆ ತೀರ್ಮಾನಿಸುವುದು OR7D4 ಎಂಬ ಒಂದೇ ಗ್ರಾಹಕ ಜೀನಿನ ರೂಪಾಂತರಗಳು.